ಮಾಡಿದವರ ಹೆಸರೆಲ್ಲಿ?

ರಜೆಗೆ ಊರಿಗೆ ಹೋದಾಗ ಚಿಕ್ಕಮ್ಮ ನನ್ನ ಉಂಗುರ ನೋಡಿ ಕೇಳಿದ್ದು ಒಂದೇ ಮಾತು: "ಎಷ್ಟು ಗ್ರಾಂ?" ರೇಟು ಹೇಳಿದೆ. "ಬೆಳ್ಳಿಗೆ ಇಷ್ಟು ಸುರಿದ್ಯಾ? ಮಕ್ಕಳಿಗೆ ಕಾಲ್ಗೆಜ್ಜೆನೇ ಬರ್ತಿತ್ತಲ್ಲೋ!"

ಸ್ವಲ್ಪ ಚುರುಕ್ ಅಂತು.

ನಾನಿರುವುದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ. ಅಲ್ಲಿ ಗ್ಯಾಲಪ್ ಪಟ್ಟಣದ ದಕ್ಷಿಣಕ್ಕೆ ಜೂನಿ ಎಂಬ ಮೂಲನಿವಾಸಿ ಜನರ ಊರಿದೆ. ಅವರು 1870ರ ದಶಕದಲ್ಲಿ ನೆರೆಯ ನವಾಹೊ ಜನರಿಂದ ಬೆಳ್ಳಿ ಕೆಲಸ ಕಲಿತರು. ಕಲ್ಲು, ಚಿಪ್ಪು ಉಜ್ಜುವ ಕೈ ಮಾತ್ರ ಬಹಳ ಹಳೆಯದು. ನನ್ನ ಉಂಗುರದಲ್ಲಿರುವುದು ಕರಡಿ. ಮೈಗೆ ಜೆಟ್ ಎನ್ನುವ ಕರಿ ಕಲ್ಲು, ಬಾಯಿಂದ ಎದೆಗೆ ಇಳಿಯುವ ಹವಳದ ಬಾಣ, ಸುತ್ತಲೂ ನೀಲಿ ಟರ್ಕಾಯ್ಸ್ ಕಲ್ಲು. ನಡುವೆ ಎಳೆಯಷ್ಟೇ ಬೆಳ್ಳಿ ಗೋಡೆ. ಒಂದೊಂದು ಚೂರನ್ನೂ ಅದರ ಮನೆಗೆ ತಕ್ಕಂತೆ ಕೊಯ್ದು, ಕೂರಿಸಿ, ಮಟ್ಟಸ ಉಜ್ಜಿದ್ದಾರೆ. ಉಗುರು ಎಳೆದರೂ ಎಲ್ಲೂ ತಡೆಯುವುದಿಲ್ಲ. ಆರು ದಿಕ್ಕಿಗೆ ಆರು ಪ್ರಾಣಿ ಕಾವಲು ಅನ್ನುವುದು ಜೂನಿಗಳ ನಂಬಿಕೆ. ಪಶ್ಚಿಮಕ್ಕೆ ಕರಡಿ, ಉತ್ತರಕ್ಕೆ ಬೆಟ್ಟದ ಸಿಂಹ, ನೆಲದಡಿಗೆ ಹೆಗ್ಗಣದಂಥ ಮೋಲ್.

ಕೊಂಡದ್ದು ನ್ಯೂ ಮೆಕ್ಸಿಕೊದ ರಾಜಧಾನಿ ಸಾಂಟಾ ಫೆಯ ಹಳೇ ಅರಮನೆಯ ಜಗಲಿಯಲ್ಲಿ. ಅಲ್ಲಿ ತಾವೋ ಮನೆಯವರೋ ಮಾಡಿದ್ದನ್ನೇ ಮಾರಬೇಕು, ಮಾಡಿದವರ ಗುರುತು ಇರಲೇಬೇಕು. ಮಾರಿದಾಕೆ ಮೊದಲು ತೋರಿಸಿದ್ದೇ ಒಳಮೈಯಲ್ಲಿದ್ದ ತನ್ನ ಹೆಸರಿನ ಅಕ್ಷರ. ನಕಲಿ ಮಾಲನ್ನು ಮೂಲನಿವಾಸಿಗಳ ಕೈಕೆಲಸ ಅಂತ ಮಾರಿದರೆ 1990ರ ಕಾನೂನಿನ ಪ್ರಕಾರ ಐದು ವರ್ಷದವರೆಗೆ ಜೈಲು, ಎರಡೂವರೆ ಲಕ್ಷ ಡಾಲರ್‌ವರೆಗೆ ದಂಡ.

ನಮ್ಮಲ್ಲಿ? ಚಿನ್ನದ ಮೇಲೆ 916 ಅನ್ನುವ ಶುದ್ಧತೆಯ ಮುದ್ರೆ ಇದೆ, ಆರು ಅಕ್ಷರದ ಹಾಲ್‌ಮಾರ್ಕ್ ನಂಬರಿದೆ. ಹುಡುಕಿದರೆ ಅಂಗಡಿ ಯಾವುದು, ಶುದ್ಧತೆ ಎಷ್ಟು ಎಲ್ಲ ಸಿಗುತ್ತದೆ. ರಾತ್ರಿಯೆಲ್ಲ ಕೂತು ಜುಮುಕಿಗೆ ಗುಂಡು ಬೆಸೆದ ಆಚಾರಿ ಮಾತ್ರ ಪತ್ತೆಯಿಲ್ಲ. ಅಕ್ಕಸಾಲೆ ಅಕ್ಕನ ಚಿನ್ನವನ್ನೂ ಬಿಡ ಅಂತ ಗಾದೆ ಕಟ್ಟುವುದಕ್ಕಷ್ಟೇ ನಮಗೆ ಅವನು ನೆನಪಾಗುವುದು.

ಹಾಗಂತ ಜೂನಿಗಳ ಹಳೇ ಒಡವೆಗಳಲ್ಲೂ ಮಾಡಿದವರ ಹೆಸರಿರುವುದು ಅಪರೂಪವೇ. ಜನರ ಬಾಯಲ್ಲಿ ಇರುತ್ತಿದ್ದುದು ಮಾಡಿಸಿ ಮಾರುತ್ತಿದ್ದ ವ್ಯಾಪಾರಿಗಳ ಹೆಸರೇ. ಗುರುತು ಹಾಕುವುದು ಮಾಮೂಲಾದದ್ದು 1970ರ ದಶಕದ ಹೊತ್ತಿಗೆ, ಅದೂ ಕೊಳ್ಳುವವರು ಕೇಳಿದ ಮೇಲೆ. ಕಷ್ಟಕ್ಕೆ ಒಡವೆ ಅಡವಿಡುವುದೂ ಅಲ್ಲಿದೆ: ಗ್ಯಾಲಪ್‌ನ ಗಿರವಿ ಅಂಗಡಿಗಳಲ್ಲಿ ಒಡವೆ ಸಾಲು ಸಾಲು ನೇತಾಡುತ್ತವೆ. ಇನ್ನು ಚಿಕ್ಕಮ್ಮನ ಗ್ರಾಂ ಲೆಕ್ಕವನ್ನು ನಾನು ಆಡಿಕೊಳ್ಳುವ ಹಾಗೂ ಇಲ್ಲ. ನನ್ನ ಕಾಲೇಜಿನ ಫೀಸು ಕಟ್ಟಿದ್ದು ಅಮ್ಮನ ಬಳೆ ಅಡವಿಟ್ಟೇ.

ಆದರೂ ವೇಸ್ಟೇಜು, ಮಜೂರಿ ಅಂತ ಅಷ್ಟು ಕೀಳುತ್ತಾರಲ್ಲ, ಆ ಬಿಲ್ಲಿನ ಮೂಲೆಯಲ್ಲಾದರೂ ಮಾಡಿದವನ ಹೆಸರು ಹಾಕಬಹುದಲ್ವಾ?