ದೀಪ ಹೊತ್ತಿತು, ಫ್ಯಾನು ತಿರುಗಲಿಲ್ಲ

ಚಿಕ್ಕಬಳ್ಳಾಪುರದ ಹೊರವಲಯದ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಇಂಜಿನಿಯರಿಂಗ್ ಎಂದರೇನೆಂದು ಪರಿಚಯಿಸುವ ಸಮಾರಂಭವಿತ್ತು. ಭಾವನವರು ಸೇವಂತಿಗೆ ಹೂವನ್ನು ಮಾರುಕಟ್ಟೆಗೆ ಸಾಗಿಸಬೇಕಾಗಿದ್ದುದರಿಂದ ಸೋದರಳಿಯನ ಪೋಷಕನಾಗಿ ನಾನೇ ಹೋಗಿ ಕುಳಿತೆ.

ಪಿಯುಸಿಯ ಉರುಹೊಡೆತದಿಂದ ದಣಿದು ಬಂದ ಮಕ್ಕಳು ಹೊಸ ಜಾಗಕ್ಕೂ ಹೊಸ ಓದಿಗೂ ನಿಧಾನವಾಗಿ ಹೊಂದಿಕೊಳ್ಳಲಿ ಎಂದು ತಾಂತ್ರಿಕ ಶಿಕ್ಷಣದ ಮೇಲ್ವಿಚಾರಣೆ ನಡೆಸುವ ಕೇಂದ್ರ ಮಂಡಳಿಯಾದ ಎಐಸಿಟಿಇ ಮೂರು ವಾರಗಳ ಇಂಡಕ್ಷನ್ ಕಾರ್ಯಕ್ರಮವನ್ನು ರೂಪಿಸಿದೆ. ಆಟ, ಕಲೆ, ಮಾನವೀಯ ಮೌಲ್ಯ, ಸುತ್ತಮುತ್ತಲ ಸ್ಥಳಗಳ ಭೇಟಿ, ಶಾಖೆಗಳ ಪರಿಚಯ ಎಲ್ಲವೂ ಅದರಲ್ಲಿವೆ. ಯೋಜನೆ ಒಳ್ಳೆಯದೇ. ಅದನ್ನು ಶಾಲು, ಹಾರ ಮತ್ತು ಮೈಸೂರು ಪೇಟಗಳ ವಿತರಣಾ ಸಪ್ತಾಹವನ್ನಾಗಿ ಮಾರ್ಪಡಿಸಬಹುದೆಂಬ ಆವಿಷ್ಕಾರ ಮಾತ್ರ ನಮ್ಮವರ ಸ್ವಂತದ್ದು.

ಇಂಜಿನಿಯರಿಂಗ್‌ನ ಮೊದಲ ಪಾಠ ದೀಪ ಬೆಳಗುವಾಗಲೇ ಆರಂಭವಾಯಿತು. ಗಾಳಿಗೆ ಬತ್ತಿ ಆರುತ್ತದೆಂದು ವೇದಿಕೆಯ ಫ್ಯಾನುಗಳನ್ನು ನಿಲ್ಲಿಸಲಾಯಿತು. ಐವರು ಗಣ್ಯರು ಒಂದೇ ಮೇಣದಬತ್ತಿಯನ್ನು ಕೈಯಿಂದ ಕೈಗೆ ದಾಟಿಸುತ್ತ, ಫೋಟೊಗ್ರಾಫರ್ ಹೇಳಿದಾಗಲೆಲ್ಲ ಕೈ ತಡೆದು ನಗುತ್ತ, ಐದು ಬತ್ತಿಗಳನ್ನು ಹೊತ್ತಿಸಿದರು. ಬಳಿಕ ಫ್ಯಾನು ಹಾಕಲು ಹೋದರೆ, ಗೋಡೆಯ ಮೇಲಿನ ಉದ್ದನೆಯ ಹಲಗೆಯಲ್ಲಿ ನಲವತ್ತಕ್ಕೆ ಕಡಿಮೆಯಿಲ್ಲದಷ್ಟು ಸ್ವಿಚ್‌ಗಳಿದ್ದು, ಒಂದರ ಮೇಲೂ ಅದು ಯಾವುದರದೆಂಬ ಗುರುತಿರಲಿಲ್ಲ. ವಿದ್ಯುತ್ ವಿಭಾಗದ ಮುಖ್ಯಸ್ಥರೇ ಎದ್ದು ಹೋಗಿ ಒಂದೊಂದಾಗಿ ಒತ್ತಿದರು. ಮೊದಲು ಹಿಂಬದಿಯ ಟ್ಯೂಬ್‌ಲೈಟು ಆರಿತು, ಆಮೇಲೆ ಪ್ರೊಜೆಕ್ಟರ್ ಕಣ್ಣುಮುಚ್ಚಿತು, ಮೂರನೆಯ ಸಲ ಸ್ವಾಗತ ಭಾಷಣ ಮಾಡುತ್ತಿದ್ದ ಪ್ರಾಂಶುಪಾಲರ ಮೈಕು ‘ತಾಂತ್ರಿಕ ಶ್ರೇಷ್ಠತೆ’ ಎಂಬಲ್ಲಿಗೆ ನಿಂತುಹೋಯಿತು. ಕಡೆಗೆ ಕಾಫಿಯ ತಟ್ಟೆ ಹಿಡಿದು ಬಂದ ಅಟೆಂಡರ್, ತಟ್ಟೆಯನ್ನು ಕೆಳಗಿಡದೆಯೇ ಮೊಣಕೈಯಿಂದ ಒಂದು ಸ್ವಿಚ್ ಒತ್ತಿದರು, ಫ್ಯಾನು ತಿರುಗಿತು. ಪೇಟ ತೊಡಿಸಿಕೊಂಡವರ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ.

ಮುಂದೆ ಭಾಷಣಗಳು. ಮುದ್ದೇನಹಳ್ಳಿ ಇಲ್ಲಿಂದ ಕೂಗಳತೆಯಲ್ಲಿದೆ ಎನ್ನುವಷ್ಟು ಹತ್ತಿರವಿರುವುದರಿಂದ ಅಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದೆ ಯಾರೂ ಮಾತು ಮುಗಿಸುವಂತಿಲ್ಲ, ಮತ್ತು ಅವರನ್ನು ಬೀದಿದೀಪದ ಕೆಳಗೆ ಓದಲು ಕೂರಿಸದೆ ಯಾರೂ ಬಿಡುವಂತಿಲ್ಲ. ಮೊದಲ ಭಾಷಣದಲ್ಲಿ ಆ ದೀಪದ ಕಂಬ ಹಳ್ಳಿಯಲ್ಲಿತ್ತು, ಎರಡನೆಯದರಲ್ಲಿ ಪೇಟೆಗೆ ಬಂತು, ಮೂರನೆಯದರಲ್ಲಿ ಬೆಂಗಳೂರು ಸೇರಿ ವಿದ್ಯುತ್ ಕಂಬವಾಯಿತು. ಶಿವನಸಮುದ್ರದ ವಿದ್ಯುತ್ತು ನಮ್ಮ ಪಕ್ಕದ ಕೋಲಾರದ ಚಿನ್ನದ ಗಣಿಗಳಿಗೆ ತಲುಪಿದ್ದು 1902ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿದ್ದು 1905ರಲ್ಲಿ. ಆ ಹೊತ್ತಿಗೆ ನಲವತ್ತು ದಾಟಿದ್ದ ವಿಶ್ವೇಶ್ವರಯ್ಯನವರು ಇನ್ನೂ ಪರೀಕ್ಷೆಗೆ ಓದುತ್ತಿದ್ದರೆಂದರೆ ಅವರ ಪಾಲಿಗೂ ಬ್ಯಾಕ್‌ಲಾಗ್‌ಗಳಿದ್ದವೇನೋ ಎಂದು ಮಕ್ಕಳು ಭಾವಿಸಿದರೆ ತಪ್ಪು ಅವರದ್ದಲ್ಲ.

ಅವರು ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ರೂಪಿಸಿದ, 1903ರಲ್ಲಿ ಅಳವಡಿಸಲಾದ ಸ್ವಯಂಚಾಲಿತ ಗೇಟುಗಳ ವಿಷಯವನ್ನು ಯಾರೊಬ್ಬರೂ ಎತ್ತಲಿಲ್ಲ. ನೀರು ನಿಗದಿತ ಮಟ್ಟ ಮೀರಿದರೆ ತಾನಾಗಿ ತೆರೆದುಕೊಂಡು, ಇಳಿದರೆ ತಾನಾಗಿ ಮುಚ್ಚಿಕೊಳ್ಳುವ ಆ ಗೇಟಿನ ಒಂದು ಚಿತ್ರವನ್ನು ಬರೆದು ತೋರಿಸಿದ್ದರೆ, ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರಲ್ಲಿ ನಾಲ್ವರಾದರೂ ‘ಅದು ಹೇಗೆ?’ ಎಂದು ಕೇಳುತ್ತಿದ್ದರು. ಹಾಗೆ ಕೇಳುವುದಕ್ಕೆ ಕಾರ್ಯಕ್ರಮ ಪಟ್ಟಿಯಲ್ಲಿ ಸಮಯ ನಿಗದಿಯಾಗಿರಲಿಲ್ಲವೆಂಬುದು ಬೇರೆ ಮಾತು.

ಶಾಖೆಗಳ ಪರಿಚಯ ಬೇಗ ಮುಗಿಯಿತು. ಕಂಪ್ಯೂಟರ್ ಸೈನ್ಸ್, ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಎಂಬ ಒಡಹುಟ್ಟಿದವರಿಗೆ ತಲಾ ಅರ್ಧ ಗಂಟೆ ಸಿಕ್ಕಿ, ಅದರಲ್ಲಿ ಬಹುಪಾಲು ಪ್ಯಾಕೇಜಿನ ಲಕ್ಷಗಳನ್ನು ಎಣಿಸುವುದರಲ್ಲೇ ಕಳೆಯಿತು. ಕೃಷ್ಣರಾಜಸಾಗರ ಕಟ್ಟಿದವರ ಜಿಲ್ಲೆಯಲ್ಲಿ ಸಿವಿಲ್ ವಿಭಾಗದವರಿಗೆ ಎರಡು ನಿಮಿಷ ದೊರೆಯಿತು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಮೂರು ವಾರ ಕಳೆದ ಮೇಲೆ ಅಳಿಯನ ಮೊಬೈಲಿಗೆ ಅಭಿಪ್ರಾಯದ ಫಾರಂ ಬಂತು. ತುಂಬದಿದ್ದರೆ ಹಾಜರಾತಿ ಇಲ್ಲವೆಂಬ ಪ್ರೀತಿಯ ಸೂಚನೆಯೂ ಜೊತೆಗಿತ್ತು. ‘ಈ ಕಾರ್ಯಕ್ರಮದಿಂದ ನಿಮ್ಮಲ್ಲಿ ಇಂಜಿನಿಯರಿಂಗ್ ಕುರಿತು ಆಸಕ್ತಿ ಮೂಡಿತೇ?’ ಎಂಬ ಪ್ರಶ್ನೆಗೆ ‘ಹೌದು’ ಮತ್ತು ‘ತುಂಬಾ ಹೌದು’ ಎಂಬ ಎರಡು ಉತ್ತರಗಳನ್ನು ಕೊಟ್ಟಿದ್ದರು. “ಯಾವುದನ್ನು ಒತ್ತಲಿ, ಮಾವ?” ಎಂದು ಕೇಳಿದ. ವಿಭಾಗದ ಮುಖ್ಯಸ್ಥರಂತೆ ಒಂದೊಂದಾಗಿ ಒತ್ತಿ ನೋಡು ಎಂದೆ. ಅವನು ‘ಹೌದು’ ಒತ್ತಿ, ಕೆಳಗೆ ಸಲಹೆಗಳಿಗೆಂದು ಬಿಟ್ಟಿದ್ದ ಜಾಗದಲ್ಲಿ ಬರೆದ: “ಸ್ವಿಚ್‌ಗಳ ಮೇಲೆ ಹೆಸರಿನ ಚೀಟಿ ಅಂಟಿಸಿ. ಬೇಕಾದರೆ ನಾನೇ ಬಂದು ಅಂಟಿಸುತ್ತೇನೆ.”