ಕೆಳಗಿನ ಮೆಟ್ಟಿಲಿಗೆ ಮಾತ್ರ ಸರದಿಯೋ?

ನನ್ನ ಚಿಕ್ಕಮ್ಮ 2010ರಿಂದ ಐದು ವರ್ಷ ಕಾಸರಗೋಡು ಜಿಲ್ಲೆಯ ನಮ್ಮ ಪಂಚಾಯತಿನಲ್ಲಿ ವಾರ್ಡ್ ಮೆಂಬರ್ ಆಗಿದ್ದರು. ಕೇರಳದ ಪಂಚಾಯತುಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಎಂದಾದ ಮೇಲಿನ ಮೊದಲ ಚುನಾವಣೆ ಅದು. ವಾರ್ಡು ಮಹಿಳಾ ಮೀಸಲಾತಿಗೆ ಬಿತ್ತು. ಪಾರ್ಟಿಯವರಿಗೆ ಅವಸರದಲ್ಲಿ ಒಬ್ಬ ಹೆಂಗಸು ಬೇಕಿತ್ತು. ಕುಡುಂಬಶ್ರೀ ಎಂಬ ಹೆಂಗಸರ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಿದ್ದ ಚಿಕ್ಕಮ್ಮ ಕಣ್ಣಿಗೆ ಬಿದ್ದರು.

ಮೊದಲ ವರ್ಷ ಮೀಟಿಂಗಿನಲ್ಲಿ ಅವರು ಬಾಯಿ ಬಿಟ್ಟದ್ದೇ ಇಲ್ಲ. ಮಲಯಾಳ ಮಾತಾಡ್ಲಿಕ್ಕೆ ಬರ್ತದೆ, ಓದ್ಲಿಕ್ಕೆ ಬರುವುದಿಲ್ಲ. ಸರ್ಕ್ಯುಲರುಗಳೋ, ಎಲ್ಲ ಮಲಯಾಳದಲ್ಲೇ. ಆಗ ಒಂದು ಹಳೇ ಡೈರಿಯಲ್ಲಿ ಬರೆದಿಡಲು ಶುರು ಮಾಡಿದರು. 'ತೊಳಿಲುರಪ್ಪು ಅಂದರೆ ಉದ್ಯೋಗ ಖಾತ್ರಿ. ತನತ್ ಫಂಡ್ ಅಂದರೆ ಪಂಚಾಯತಿನ ಸ್ವಂತ ಹಣ. ಪದ್ಧತಿ ವಿಹಿತಂ ಅಂದರೆ ಸರ್ಕಾರ ಕೊಡುವ ಯೋಜನೆ ದುಡ್ಡು.' ಮೂರನೇ ವರ್ಷ ಆಗುವಾಗ ಎಸ್ಟಿಮೇಟು ತಪ್ಪಿದ ಒಂದು ಕಾಲುಸಂಕದ ಮೇಲೆ ಓವರ್ಸಿಯರನ್ನು ನಿಲ್ಲಿಸಿ, ಟೇಪು ಹಿಡಿಸಿ, ಮತ್ತೊಮ್ಮೆ ಅಳತೆ ಮಾಡಿಸಿದ್ದರು. ಆ ಸುದ್ದಿ ಊರಲ್ಲೆಲ್ಲ ಆಗಿತ್ತು.

ಮೀಸಲಾತಿ ವಾರ್ಡಿನಿಂದ ವಾರ್ಡಿಗೆ ಸರದಿಯಲ್ಲಿ ತಿರುಗುತ್ತದೆ. 2015ರಲ್ಲಿ ನಮ್ಮ ವಾರ್ಡು ಜನರಲ್ ಆಯಿತು. 'ಅಕ್ಕಾ, ನಿಮ್ಮ ಸರದಿ ಮುಗಿಯಿತಲ್ಲ' ಅಂದರು ಪಾರ್ಟಿಯವರು. ಚಿಕ್ಕಮ್ಮ ಅಡಿಕೆ ಸುಲಿಯಲು ಕೂತರು.

ನಾನು ಆ ಸರದಿಯನ್ನು ಬಯ್ಯುವುದಿಲ್ಲ. ಅದಿಲ್ಲದಿದ್ದರೆ ಅವರು ಮೆಂಬರೇ ಆಗುತ್ತಿರಲಿಲ್ಲ. ನನ್ನ ತಕರಾರು ಬೇರೆ. ಐದು ವರ್ಷ ಕಲಿತವರಿಗೆ ಮೇಲೆ ಹೋಗಲು ಜಾಗ ಎಲ್ಲುಂಟು? ಕಾಸರಗೋಡು ಕ್ಷೇತ್ರದಲ್ಲಿ ಸಿ.ಟಿ. ಅಹ್ಮದ್ ಅಲಿ 1980ರಲ್ಲಿ ಗೆದ್ದವರು 2011ರವರೆಗೆ ಶಾಸಕರು. ಸಾಲಾಗಿ ಏಳು ಸಲ. ಅವರು ಮೊದಲ ಸಲ ಗೆಲ್ಲುವಾಗ ನಾನು ಹುಟ್ಟಿರಲಿಲ್ಲ, ಅವರು ಇಳಿಯುವಾಗ ನನಗೆ ಮದುವೆಯಾಗಿತ್ತು. ಮಂಜೇಶ್ವರದಲ್ಲಿ ಚೆರ್ಕಳಂ ಅಬ್ದುಲ್ಲ 1987ರಿಂದ ನಾಲ್ಕು ಸಲ. ಕೆಲಸ ಮಾಡಲಿಲ್ಲ, ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ತೆಂಕಲಾಗಿ ಹೋದರೆ ಇನ್ನೂ ದೊಡ್ಡ ದಾಖಲೆಗಳುಂಟು: ಪಾಲಾದಲ್ಲಿ ಕೆ.ಎಂ. ಮಾಣಿ, ಪುದುಪ್ಪಳ್ಳಿಯಲ್ಲಿ ಉಮ್ಮನ್ ಚಾಂಡಿ, ಇಬ್ಬರೂ ಐವತ್ತು ವರ್ಷದ ಮೇಲೆ, ಸಾಯುವವರೆಗೆ.

ವಾರ್ಡ್ ಮೆಂಬರಿಗೆ ಸರದಿ, ಪಂಚಾಯತ್ ಅಧ್ಯಕ್ಷರ ಕುರ್ಚಿಗೆ ಸರದಿ, ಎಂಎಲ್‌ಎಗೆ ಮಾತ್ರ ಸರದಿ ಇಲ್ಲ! ಅರ್ಧದಷ್ಟು ಹೆಂಗಸರಿರುವ ಪಂಚಾಯತುಗಳ ಮೇಲೆ, 2021ರಲ್ಲಿ 140 ಜನರ ವಿಧಾನಸಭೆಗೆ ಗೆದ್ದ ಹೆಂಗಸರು 11. ಮಂಜೇಶ್ವರ, ಕಾಸರಗೋಡು ಎರಡರಿಂದಲೂ 1957ರಿಂದ 2021ರವರೆಗಿನ ಚುನಾವಣೆಗಳಲ್ಲಿ ಒಬ್ಬಳೇ ಒಬ್ಬಳು ಗೆದ್ದಿಲ್ಲ.

ಹಾಗಾಗಿ ನನ್ನ ವಾದ ಇಷ್ಟು. ಶಾಸಕರಿಗೂ ಸಂಸದರಿಗೂ ಸಾಲಾಗಿ ಎರಡು ಅವಧಿ ಸಾಕು. ಮತ್ತೆ ಒಂದು ಅವಧಿ ಮನೆಯಲ್ಲಿರಲಿ, ಬೇಕಾದರೆ ಮತ್ತೆ ಬರಲಿ.

'ಬೇಡವಾದರೆ ಜನ ಸೋಲಿಸ್ತಾರಲ್ಲ ಮಾರಾಯ' ಎಂದು ಸ್ನೇಹಿತರು ಹೇಳುವುದುಂಟು. ಮಂಜೇಶ್ವರದವರ ಹತ್ತಿರ ಹೇಳುವ ಮಾತಾ ಇದು? 2016ರಲ್ಲಿ ಇಲ್ಲಿಯ ಅಂತರ 89 ಮತ. 2021ರಲ್ಲಿ 745. ಇಂಥಲ್ಲಿ ಮತ ಹಾಕುವವ 'ನಮ್ಮವ ಒಳ್ಳೆಯವನೋ' ಎಂದು ಯೋಚನೆ ಮಾಡುವುದೇ ಇಲ್ಲ. ಆಚೆಯವ ಬರಬಾರದು, ಅಷ್ಟೇ. ನಮ್ಮವ ಐದು ವರ್ಷ ಮುಖ ತೋರಿಸದಿದ್ದರೂ ಗಂಟಲಿಗೆ ಇಳಿಸಿಕೊಂಡು ಗುಂಡಿ ಒತ್ತಿ ಬರುತ್ತಾನೆ. ಪಕ್ಷ ಬಿಡಲಾಗದವನಿಗೆ ಆಳನ್ನು ಬಿಡುವ ದಾರಿ ಬೇಕು. ಅವಧಿಯ ಮಿತಿ ಕೊಡುವುದು ಅದನ್ನೇ.

ಅನುಭವದ ಮಾತು ಸ್ವಲ್ಪ ಕಷ್ಟದ್ದು, ಒಪ್ಪುತ್ತೇನೆ. ನಮ್ಮದು ತೆಂಕಣ ಅಧಿಕಾರಿಗಳು 'ಶಿಕ್ಷೆಯ ವರ್ಗಾವಣೆ' ಎಂದು ಹೆಸರಿಟ್ಟ ಜಿಲ್ಲೆ. ಬಂದ ದಿನದಿಂದ ವಾಪಸು ಹೋಗುವ ಅರ್ಜಿ ಬರೆಯುತ್ತಾರೆ. ಹೊಸ ಶಾಸಕನನ್ನು ಇಂಥವರು ಆಟ ಆಡಿಸುವುದಿಲ್ಲವೇ? ಕನ್ನಡ ಗೊತ್ತಿಲ್ಲದವರನ್ನು ಕನ್ನಡ ಶಾಲೆಗೆ ಮೇಷ್ಟ್ರಾಗಿ ಕಳಿಸಿದಾಗ ಯಾವ ಫೈಲು ಎಲ್ಲಿ ಹಿಡಿಯಬೇಕು ಎಂದು ಹಳಬನಿಗೆ ಗೊತ್ತಿರುತ್ತದೆ. ನಿಜ. ಆದರೆ ಅನುಭವ ಒಂದೇ ಸಾಕಾಗಿದ್ದರೆ, 2020ರ ಮಾರ್ಚಿನಲ್ಲಿ ಕೋವಿಡ್ ಎಂದು ಕರ್ನಾಟಕದ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳೇ ಗತಿಯಾಗಿದ್ದ ನಮ್ಮ ರೋಗಿಗಳು ಹಾಗೆ ಒದ್ದಾಡಬೇಕಿರಲಿಲ್ಲ. ನಮ್ಮ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ ಕಲ್ಲು ಹಾಕಿದ್ದು 2013ರಲ್ಲಿ. ಆ ರೋಗ ಬಂದ ಮೇಲೆ ಅವಸರವಸರವಾಗಿ ಕೋವಿಡ್ ಆಸ್ಪತ್ರೆ ಎಂದು ಬಾಗಿಲು ತೆರೆದರು. ಇದನ್ನು ಒಬ್ಬರ ತಲೆಗೆ ಕಟ್ಟುವುದಿಲ್ಲ. ಹಳಬರಿದ್ದೂ ಆಗದ್ದು ಇದು ಎಂದಷ್ಟೇ.

ಮತ್ತೆ, ಅನುಭವ ಬರುವುದು ಕೊಟ್ಟರೆ. ನಮ್ಮ ಯಕ್ಷಗಾನ ಮೇಳಗಳಲ್ಲಿ ನೋಡಿ. ಪೂರ್ವರಂಗಕ್ಕೆ ಕಲಿಯುವ ಹುಡುಗನ ಕೈಗೆ ಜಾಗಟೆ ಕೊಡುತ್ತಾರೆ, ಮುಖ್ಯ ಭಾಗವತರು ಆಮೇಲೆ ಬಂದು ಕೂರುತ್ತಾರೆ. ಸಂಜೆಯಿಂದ ಬೆಳಗಿನವರೆಗೆ ಒಬ್ಬರೇ ಜಾಗಟೆ ಬಿಡದಿದ್ದರೆ, ಅವರ ಸ್ವರ ಹೋದ ದಿನ ಮೇಳವೇ ನಿಲ್ಲಬೇಕು.

ಇದು ಆಗದ ಹೋಗದ ಮಾತೇನೂ ಅಲ್ಲ. 2021ರಲ್ಲಿ ಸಿಪಿಎಂ ಎರಡು ಅವಧಿ ಮುಗಿಸಿದವರಿಗೆ ಟಿಕೆಟ್ ಇಲ್ಲ ಎಂದಿತು. ಥಾಮಸ್ ಐಸಾಕ್, ಜಿ. ಸುಧಾಕರನ್‌ರಂಥ ಮಂತ್ರಿಗಳೂ ಹೊರಗೆ. ಮುಳುಗಿತು ಎಂದರು ಎಲ್ಲರೂ. ಸಿಪಿಎಂನ ಎಡರಂಗ 91 ಸೀಟಿನಿಂದ 99ಕ್ಕೆ ಏರಿತು. (ಪಕ್ಷ ಹಾಕಿದ ನಿಯಮವನ್ನು ಪಕ್ಷವೇ ಬೇಕಾದವರಿಗೆ ಸಡಿಲಿಸಬಹುದು, ಅದಕ್ಕೇ ನನಗೆ ಕಾನೂನು ಬೇಕು.) ಸಹಕಾರಿ ಬ್ಯಾಂಕಿನ ನಿರ್ದೇಶಕರಿಗೆ ಸತತ 10 ವರ್ಷದ ಮಿತಿ ಹಾಕಿದ್ದು ಇದೇ ಸಂಸತ್ತು. ಕ್ರಿಕೆಟ್ ಮಂಡಳಿಯವರಿಗೂ ವಿರಾಮದ ನಿಯಮ ಉಂಟು. ಬ್ಯಾಂಕಿಗೆ, ಬ್ಯಾಟಿಗೆ ಆಗುವುದು ತಮಗೆ ಆಗದು!

ಫಿಲಿಪ್ಪೀನ್ಸಿನ ಉದಾಹರಣೆ ಕೊಡುವವರೂ ಇದ್ದಾರೆ. ಅಲ್ಲಿ 1987ರ ಸಂವಿಧಾನ ಕೆಳಮನೆಯವರಿಗೆ ಸಾಲಾಗಿ ಮೂರೇ ಅವಧಿ ಎಂದಿತು. ಗಂಡನ ಅವಧಿ ಮುಗಿದರೆ ಹೆಂಡತಿ, ಅವಳದ್ದು ಮುಗಿದರೆ ಮಗ. ಇದಕ್ಕೆ ನನ್ನ ಹತ್ತಿರ ಪೂರ್ತಿ ಮದ್ದಿಲ್ಲ. ಆದರೆ ಮಿತಿ ಇಲ್ಲದ ಪುದುಪ್ಪಳ್ಳಿಯಲ್ಲಿ 2023ರಲ್ಲಿ ಅಪ್ಪನ ಜಾಗಕ್ಕೆ ಬಂದದ್ದೂ ಮಗನೇ. ಅಂದಮೇಲೆ ಆ ರೋಗ ಮಿತಿಯಿಂದ ಬಂದದ್ದಲ್ಲ.

ಕಳೆದ ಸಲ ವೋಟು ಕೇಳಲು ಬಂದವರಿಗೆ ಚಿಕ್ಕಮ್ಮ ಜಗಲಿಯಲ್ಲಿ ನೀರು ಬೆಲ್ಲ ಕೊಟ್ಟು, 'ನಿಮ್ಮ ನಾಯಕರದ್ದು ಇದು ಎಷ್ಟನೇ ಸಲ?' ಎಂದು ಕೇಳಿದರು. ಒಬ್ಬ ಬೆರಳು ಮಡಚಿ ಲೆಕ್ಕ ಹಾಕಿದ. ಇನ್ನೊಬ್ಬ ನಕ್ಕು, 'ನಿಮ್ಮದು ಒಂದೇ ಅಲ್ವಾ ಅಕ್ಕಾ?' ಎಂದ. ಆ ಡೈರಿ ಈಗ ಈಗಿನ ಮೆಂಬರಿನ ಮನೆಯಲ್ಲುಂಟು. ಅವಳೂ ಕನ್ನಡ ಶಾಲೆಯಲ್ಲಿ ಓದಿದವಳು.