ಬೀಗ ತೆಗೆದುಕೊಟ್ಟವನ ಹೆಸರೂ ಹೇಳಿ

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಯುದ್ಧಕೈದಿಗಳನ್ನು ಇಟ್ಟಿದ್ದ ಜರ್ಮನಿಯ ಕೋಲ್ಡಿಟ್ಜ್ ಕೋಟೆಯಿಂದ ‘ಏರಿ ನೀವ್’ ಎಂಬ ಬ್ರಿಟಿಷ್ ಅಧಿಕಾರಿ ತಪ್ಪಿಸಿಕೊಂಡ ಕಥೆ. ಜರ್ಮನ್ ಅಧಿಕಾರಿಯ ವೇಷ ಹಾಕಿದ, ಕಾವಲುಗಾರರ ಎದುರೇ ನಡೆದುಹೋದ, ಸ್ವಿಟ್ಜರ್ಲೆಂಡ್ ಸೇರಿದ. ಮುಗೀತು! ಆ ವೇಷ ಯಾವ ಬಟ್ಟೆಯಿಂದ ಆಯಿತು? ದಾರಿಯ ಬೀಗಗಳನ್ನು ತೆಗೆದವರು ಯಾರು? ಪ್ಯಾಟ್ ರೀಡ್ ಎಂಬ ಹೆಸರು ಒಂದು ಸಲವೂ ಬರಲಿಲ್ಲ. ಇದು ನನಗೆ ತಡೆಯಲಾಗದ ಸಿಟ್ಟು ತರಿಸುವ ವಿಷಯ.

ರೀಡ್ ಹುಟ್ಟಿದ್ದು ನಮ್ಮ ರಾಂಚಿಯಲ್ಲಿ, 1910ರಲ್ಲಿ. ಓದಿದ್ದು ಸಿವಿಲ್ ಎಂಜಿನಿಯರಿಂಗ್. ಬ್ರಿಟಿಷ್ ಸೇನೆಯಲ್ಲಿ ಸರಬರಾಜು-ಸಾರಿಗೆ ನೋಡಿಕೊಳ್ಳುವ ದಳದ ಕ್ಯಾಪ್ಟನ್. 1940ರ ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿ ಸೆರೆಯಾದರು. ಲಾಫೆನ್ ಶಿಬಿರದಿಂದ ಸುರಂಗ ತೋಡಿ ಹೊರಬಿದ್ದು ಮತ್ತೆ ಸಿಕ್ಕಿಬಿದ್ದ ಮೇಲೆ ಕೋಲ್ಡಿಟ್ಜ್. 1941ರ ಜನವರಿಯಲ್ಲಿ ಅಲ್ಲಿನ ಬ್ರಿಟಿಷ್ ಕೈದಿಗಳ ‘ಎಸ್ಕೇಪ್ ಆಫೀಸರ್’ ಆದರು.

ಈ ಹುದ್ದೆಯ ಕೆಲಸವನ್ನು ಯಾರೂ ವಿವರಿಸುವುದಿಲ್ಲ. ಯಾರಿಗೆ ಯಾವ ಉಪಾಯ ಹೊಳೆದರೂ ಮೊದಲು ಇವರ ಕಿವಿಗೆ ಹಾಕಬೇಕು. ಇಲ್ಲದಿದ್ದರೆ ಒಂದು ಗುಂಪು ಅವಸರ ಮಾಡಿ ಸಿಕ್ಕಿಬೀಳುತ್ತದೆ, ಜರ್ಮನ್ನರು ಕೋಟೆಯನ್ನೆಲ್ಲ ಜಾಲಾಡುತ್ತಾರೆ, ತಿಂಗಳುಗಟ್ಟಲೆ ತೋಡಿದ ಇನ್ನೊಬ್ಬರ ಸುರಂಗ ಬಯಲಾಗುತ್ತದೆ. ಪೋಲಿಷರು, ಡಚ್ಚರು, ಫ್ರೆಂಚರು, ಬೆಲ್ಜಿಯನ್ನರು ಅದೇ ಕೋಟೆಯಲ್ಲಿದ್ದರು; ಅವರ ಯೋಜನೆಗಳಿಗೂ ಅಡ್ಡ ಬರಬಾರದು. ನಕ್ಷೆ, ಜರ್ಮನ್ ನೋಟು, ನಕಲಿ ಗುರುತುಪತ್ರ, ಕಾವಲು ಕಾಯುವವರ ಪಾಳಿ, ಹಾಜರಿ ಕರೆಯುವಾಗ ತಲೆಯೆಣಿಕೆ ತಪ್ಪದಂತೆ ನೋಡಿಕೊಳ್ಳುವುದು, ಎಲ್ಲಕ್ಕೂ ಹೊಣೆ ಇವರದೇ. ಇಷ್ಟೆಲ್ಲ ಮಾಡಿಯೂ, ತನ್ನ ಸರದಿಗಿಂತ ಇತರರ ಯೋಜನೆಗಳೇ ಮೊದಲು.

ಸೋಲುಗಳೂ ಇವರ ಲೆಕ್ಕಕ್ಕೇ. 1941ರ ಮೇ 29ರ ಕ್ಯಾಂಟೀನ್ ಸುರಂಗವನ್ನೇ ನೋಡಿ. ಚರಂಡಿಯ ಮುಚ್ಚಳದ ಕೆಳಗಿಂದ ಹೊರಗಿನ ಹುಲ್ಲುಹಾಸಿನವರೆಗೆ ತೋಡಿದ್ದರು. ಅಲ್ಲಿ ನಿಲ್ಲುವ ಕಾವಲುಗಾರನಿಗೆ 500 ಮಾರ್ಕ್ ಲಂಚ ಮಾತಾಡಿ, 100 ಮುಂಗಡ ಕೊಟ್ಟಿದ್ದರು. ಅವನು ದುಡ್ಡನ್ನೂ ಇಟ್ಟುಕೊಂಡ, ಸುದ್ದಿಯನ್ನೂ ಮುಟ್ಟಿಸಿದ. ಮೊದಲು ತಲೆ ಹೊರಹಾಕಿದ್ದು ರೀಡ್. ಜರ್ಮನ್ನರು ಕಾದು ನಿಂತಿದ್ದರು.

ಇನ್ನು ನೀವ್. ಮೊದಲ ಪ್ರಯತ್ನದಲ್ಲಿ, 1941ರ ಆಗಸ್ಟ್‌ನಲ್ಲಿ, ನಾಟಕದ ಪರದೆಗೆ ಬಳಿಯುವ ಬಣ್ಣದಿಂದ ಹಸಿರು ಮಾಡಿದ ಅಂಗಿ ತೊಟ್ಟರು. ಸರ್ಚ್‌ಲೈಟ್ ಬಿದ್ದದ್ದೇ ಬಟ್ಟೆ ಪಚ್ಚೆಯಂತೆ ಫಳಫಳ ಹೊಳೆಯಿತು, ಸಿಕ್ಕಿಬಿದ್ದರು. ಎರಡನೇ ಸಲ ಬಣ್ಣವೇ ಬೇಡವೆಂದು ಡಚ್ಚರ ಓವರ್‌ಕೋಟು ತಂದರು. ಅದರ ಬಣ್ಣ ಜರ್ಮನ್ ಕೋಟಿಗೆ ಹತ್ತಿರ. ಸೀಸದ ಪೈಪು ಕರಗಿಸಿ ಗುಂಡಿ, ಬಿಲ್ಲೆ ಎರಕ ಹೊಯ್ದರು. ರಂಗಮಂದಿರದ ವೇದಿಕೆಯ ಕೆಳಗೆ ತೂತು ಕೊರೆದರೆ ಮುಚ್ಚಿಹಾಕಿದ್ದ ಓಣಿಯೊಂದಿತ್ತು, ಅದು ಕಾವಲುಮನೆಯ ಅಟ್ಟಕ್ಕೆ ಹೋಗುತ್ತಿತ್ತು. ನಡುವಿನ ಬೀಗಗಳನ್ನು ರೀಡ್ ತೆಗೆದರು. 1942ರ ಜನವರಿ 5ರ ರಾತ್ರಿ ನೀವ್ ಮತ್ತು ಡಚ್ ಅಧಿಕಾರಿ ಲೂಟೇನ್ ಮೆಟ್ಟಿಲಿಳಿದು ಹೋದರು. ಅವರನ್ನು ಕಳಿಸಿ, ಬೀಗ ಮತ್ತೆ ಹಾಕಿ, ತೂತನ್ನು ಬಣ್ಣ ಬಳಿದ ಹಲಗೆಯಿಂದ ಮುಚ್ಚಿ ರೀಡ್ ಕೋಟೆಯೊಳಕ್ಕೆ ವಾಪಸ್ಸು ಬಂದರು. ನನಗೆ ಇಡೀ ಕಥೆಯಲ್ಲಿ ಮುಖ್ಯವಾದದ್ದು ಆ ವಾಪಸ್ಸು ಬರುವ ನಡಿಗೆ. ಅದನ್ನೇ ವಿಡಿಯೋದಲ್ಲಿ ಕತ್ತರಿಸಿದ್ದಾರೆ.

‘ಅಧಿಕಾರಿಗಳಿಗೇನು, ಜಿನೀವಾ ಒಪ್ಪಂದದ ರಕ್ಷಣೆ ಇತ್ತು, ಸಿಕ್ಕಿಬಿದ್ದರೆ ಹೆಚ್ಚೆಂದರೆ 30 ದಿನ ಒಂಟಿಕೋಣೆ, ಅದೊಂದು ಆಟ’ ಅಂತ ಕಾಮೆಂಟ್ ಹಾಕುವವರು ಇದ್ದಾರೆ. ಬ್ರಿಟಿಷ್ ಅಧಿಕಾರಿ ಮೈಕ್ ಸಿಂಕ್ಲೇರ್ ಅದೇ ಕೋಲ್ಡಿಟ್ಜ್‌ನಲ್ಲಿ 1944ರ ಸೆಪ್ಟೆಂಬರ್ 25ರಂದು ಬೇಲಿ ದಾಟಿ ಓಡುವಾಗ ಗುಂಡೇಟಿಗೆ ಸತ್ತರು. ಆಟವಂತೆ!

‘ರೀಡ್ ಕೂಡ ಕೊನೆಗೆ ಓಡಿಹೋದರಲ್ಲ’ ಅನ್ನುವವರಿಗೂ ಹೇಳುತ್ತೇನೆ. 1942ರ ಏಪ್ರಿಲ್‌ನಲ್ಲಿ ಹುದ್ದೆಯನ್ನು ಡಿಕ್ ಹೌ ಅವರಿಗೆ ಒಪ್ಪಿಸಿದ ಮೇಲೆಯೇ ತಮ್ಮ ಸರದಿ ನೋಡಿಕೊಂಡರು. ಅಕ್ಟೋಬರ್ 14ರ ರಾತ್ರಿ ಮೂವರ ಜೊತೆ ಅಡುಗೆಮನೆಯ ಕಿಟಕಿಯಿಂದ ಇಳಿದರು. ಕಾವಲುಗಾರ ಬೆನ್ನು ತಿರುಗಿಸಿದ್ದನ್ನು ವಾದ್ಯಗೋಷ್ಠಿಯ ಮೂಲಕ ತಿಳಿಸಬೇಕಿತ್ತು, ಆ ಸಂಗೀತ ನಡುವೆಯೇ ನಿಂತುಹೋಯಿತು. ಬೂಟಿನ ಸದ್ದು ಆಲಿಸಿ ಅಂಗಳ ದಾಟಬೇಕಾಯಿತು. ಅಷ್ಟು ಬೀಗ ತೆಗೆದ ಕೈಗೆ ಅಂದು ಒಂದು ಬಾಗಿಲು ಎಷ್ಟು ಹೆಣಗಿದರೂ ತೆರೆಯಲೇ ಇಲ್ಲ. ನೆಲಮಾಳಿಗೆಯ ಗಾಳಿಗಂಡಿ ಎಷ್ಟು ಕಿರಿದೆಂದರೆ, ಬಟ್ಟೆ ಕಳಚಿ ಬರಿಮೈಯಲ್ಲಿ ನುಸುಳಿದರು. ನಾಲ್ವರೂ ಸ್ವಿಟ್ಜರ್ಲೆಂಡ್ ಮುಟ್ಟಿದರು.

ಜರ್ಮನಿಯ ಸಿಂಗೆನ್ ಊರಿನ ಹತ್ತಿರ ಸ್ವಿಸ್ ಗಡಿಯನ್ನು ಎಲ್ಲಿ ದಾಟಬೇಕೆಂಬುದೂ ಮೊದಲೇ ಸಂಗ್ರಹಿಸಿಟ್ಟ ಮಾಹಿತಿ. ಲಾರಿವ್ ಎಂಬ ಡಚ್ ಅಧಿಕಾರಿ 1940ರಲ್ಲಿ ಸಿಕ್ಕಿಬಿದ್ದಾಗ, ವಿಚಾರಣೆ ಮಾಡಿದ ಗೆಸ್ಟಾಪೋದವನೇ (ನಾಜಿ ಗುಪ್ತ ಪೊಲೀಸನೇ) ‘ಇಲ್ಲಿ ಹೋಗಿದ್ದರೆ ಸುಲಭವಾಗಿ ದಾಟುತ್ತಿದ್ದೆ’ ಎಂದು ತೋರಿಸಿದ್ದ. ಅದನ್ನು ನೆನಪಿಟ್ಟು ಕೋಲ್ಡಿಟ್ಜ್‌ಗೆ ತಂದರು, ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಇವೆಲ್ಲ ಒಬ್ಬ ಧೀರನ ಕೆಲಸವೇ?

ಹುದ್ದೆ ವಹಿಸಿಕೊಂಡ ಡಿಕ್ ಹೌ? 1945ರ ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರು ಬಂದು ಬಾಗಿಲು ತೆರೆಯುವವರೆಗೂ ಅದೇ ಕೋಟೆಯಲ್ಲಿದ್ದರು.